ನಾಯಿಗೂ ಬೇಡವೇ ಒಂದು ದಿನದ ರಜೆ?

ಪರೀಕ್ಷೆ ಮುಗಿದು ಮಕ್ಕಳಿಗೆ ರಜೆ ಸಿಕ್ಕಿದ್ದೇ ತಡ, ಮನೆಯಲ್ಲಿ ದಿನವೂ ಒಂದೇ ರಾಗ: "ಅಮ್ಮಾ, ಎಲ್ಲಿಗಾದ್ರೂ ಹೋಗೋಣ." ನೀವೂ ಒಂದು ದಿನ ಹೊರಡುತ್ತೀರಿ. ಬುತ್ತಿ ಕಟ್ಟುತ್ತೀರಿ, ಗ್ಯಾಸ್ ಬಂದ್ ಮಾಡುತ್ತೀರಿ, ಬೀಗ ಹಾಕುತ್ತೀರಿ. ಅಂಗಳದಲ್ಲಿ ಕಟ್ಟಿಹಾಕಿದ ಟಾಮಿಯೋ ಕರಿಯನೋ ಬಾಲ ಅಲ್ಲಾಡಿಸುತ್ತ ನಿಮ್ಮ ಮುಖವನ್ನೇ ನೋಡುತ್ತಿರುತ್ತದೆ. "ನೀನು ಮನೆ ಕಾಯಿ" ಅಂತ ಹೇಳಿ ನಡೆದುಬಿಡುತ್ತೀರಿ.

ವರ್ಷವಿಡೀ ಅದಕ್ಕೆ ಅನ್ನ ಹಾಕುವವರು ನೀವು. ನಿಮ್ಮ ಹೆಜ್ಜೆಯ ಸಪ್ಪಳ ಅದಕ್ಕೆ ಗೊತ್ತು. ಒಂದು ದಿನ ಅದನ್ನೂ ಜೊತೆಗೆ ಕರೆದುಕೊಂಡು ಹೋದರೇನು? "ಅಯ್ಯೋ, ಕುನ್ನಿಗೂ ಪಿಕ್ನಿಕ್ಕೇ?" ಎಂದು ಯಾರಾದರೂ ನಕ್ಕರೆ ನಗಲಿ ಬಿಡಿ. ಆದರೆ ಒಂದು ಮಾತು. ಹಿಂದಿನ ಸೀಟಿಗೆ ಹತ್ತಿಸಿಕೊಂಡು ಹೊರಟುಬಿಟ್ಟರೆ ಆಯಿತು ಎಂಬಂಥ ಕೆಲಸ ಇದಲ್ಲ. ನಮ್ಮ ಕರಾವಳಿಯ ಬೇಸಿಗೆಯಲ್ಲಿ ಲೆಕ್ಕ ತಪ್ಪಿದರೆ ನಾಯಿಯ ಜೀವಕ್ಕೇ ಸಂಚಕಾರ. ನಮ್ಮ ಅನುಕೂಲದ ಬದಲು ನಾಯಿಯ ಮೈಗೆ ಒಗ್ಗುವ ಹಾಗೆ ದಿನವನ್ನು ಹೊಂದಿಸಿಕೊಂಡರೆ ಎಲ್ಲರಿಗೂ ಸುಖ.

ನಮ್ಮ ಸೆಕೆ ಬೇರೆ, ನಾಯಿಯ ಸೆಕೆ ಬೇರೆ

ಸೆಕೆಯಾದರೆ ನಮ್ಮ ಮೈಯೆಲ್ಲ ಬೆವರುತ್ತದೆ. ಬೆವರು ಆರಿದಂತೆ ಮೈ ತಣ್ಣಗಾಗುತ್ತದೆ. ನಾಯಿಗೆ ಆ ಸೌಕರ್ಯವಿಲ್ಲ. ಅದು ಬೆವರುವುದು ಹೆಚ್ಚಾಗಿ ಅಂಗಾಲಿನಲ್ಲಿ ಮಾತ್ರ. ಮೈಯ ಕಾವು ಇಳಿಸಿಕೊಳ್ಳಲು ಬಾಯಿ ತೆರೆದು, ನಾಲಿಗೆ ಚಾಚಿ ಏದುಸಿರು ಬಿಡಬೇಕು. ನಾಲಿಗೆಯ ಪಸೆ ಆರಿದಷ್ಟೂ ಮೈ ತಂಪು.

ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಭಟ್ಕಳದಿಂದ ಕುಮಟಾದವರೆಗೆ ಗಾಳಿ ಹೇಗಿರುತ್ತದೆಂದು ನಿಮಗೆ ಹೇಳಬೇಕೇ? ನೆರಳಲ್ಲಿ ಹಾಕಿದ ಸೀರೆಯೇ ಬೇಗ ಒಣಗುವುದಿಲ್ಲ. ಇನ್ನು ನಾಯಿಯ ನಾಲಿಗೆಯ ಪಸೆ ಆರುವುದೆಲ್ಲಿ ಬಂತು? ಬಯಲುಸೀಮೆಯ 38 ಡಿಗ್ರಿಯ ಒಣ ಬಿಸಿಲಿಗಿಂತ ನಮ್ಮ 34 ಡಿಗ್ರಿಯ ಜಿಗುಟು ಸೆಕೆಯೇ ಅದಕ್ಕೆ ಹೆಚ್ಚು ಕಷ್ಟವಾಗಬಹುದು.

ನಮ್ಮ ಊರ ನಾಯಿ ಇದನ್ನು ಒಂದಿಷ್ಟು ತಡೆದುಕೊಳ್ಳುತ್ತದೆ. ದಟ್ಟ ಕೂದಲಿನ ಪಮೇರಿಯನ್, ಅಲ್ಸೇಷಿಯನ್‌ಗಳಿಗೆ ಕಷ್ಟ. ಚಪ್ಪಟೆ ಮೂಗಿನ ಪಗ್ ಜಾತಿಗಂತೂ ಬಹಳ ಕಷ್ಟ. ಪಗ್ ಇದ್ದವರು, ಮುದಿ ನಾಯಿ ಇದ್ದವರು, ಗಬ್ಬದ ನಾಯಿ ಇದ್ದವರು ಈ ತಿರುಗಾಟವನ್ನು ಡಿಸೆಂಬರ್‌ಗೆ ಇಟ್ಟುಕೊಳ್ಳುವುದೇ ಲೇಸು.

ಎಲ್ಲಿಗೆ ಹೋಗಬೇಕು?

ಮಕ್ಕಳು ಮೊದಲು ಹೇಳುವುದು ಸಮುದ್ರ. ನಾಯಿಗೆ ಮಾತ್ರ ಬೇಸಿಗೆಯ ಸಮುದ್ರದಂಡೆ ಒಳ್ಳೆಯ ಜಾಗವಲ್ಲ. ನೆರಳಿಲ್ಲ, ಮರಳು ಕಾದಿರುತ್ತದೆ, ಬಾಯಾರಿಕೆಗೆ ಉಪ್ಪುನೀರು ಕುಡಿದರೆ ವಾಂತಿ, ಭೇದಿ. ಹೊನ್ನಾವರದ ಕಾಸರಕೋಡು ದಂಡೆಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅಂಥ ದಂಡೆಗಳಲ್ಲಿ ನಾಯಿಗಳನ್ನು ಬಿಡುವ ವಿಚಾರದಲ್ಲಿ ನಿಯಮ ಬಿಗಿ. ಅದೂ ಅಲ್ಲದೆ ಈ ದಂಡೆಗಳ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆ ಇಟ್ಟಿರುತ್ತವೆ. ಬಿಟ್ಟ ನಾಯಿ ವಾಸನೆ ಹಿಡಿದು ಅಗೆದು ಹಾಕಿದರೆ ಒಂದೇ ಗಳಿಗೆಯಲ್ಲಿ ಗೂಡು ಪೂರ್ತಿ ಹಾಳು. ಇನ್ನು ಮಿರ್ಜಾನ, ದೀವಗಿ ಕಡೆಯ ಅಳಿವೆಯಲ್ಲಿ ನೀರೂ ಉಪ್ಪು, ಬಳಚಿನ ಚಿಪ್ಪು ಚುಚ್ಚಿ ಅಂಗಾಲು ಸೀಳುವ ಭಯವೂ ಉಂಟು.

ಅದಕ್ಕಿಂತ ಶಿರಸಿ ರಸ್ತೆ ಹಿಡಿದು ಕತಗಾಲದ ಕಡೆ ಹೋಗಿ. ಕುಮಟಾದಿಂದ ಹೆಚ್ಚು ದೂರವಿಲ್ಲ. ಅಡಿಕೆ ತೋಟ, ತಂಪು ನೆರಳು, ಸಿಹಿನೀರು. ಮಳೆಗಾಲದಲ್ಲಿ ರಸ್ತೆಯ ಮೇಲೇ ಉಕ್ಕಿ ಬಂದು ಶಿರಸಿ ಬಸ್ಸನ್ನೇ ನಿಲ್ಲಿಸಿಬಿಡುವ ಚಂಡಿಕಾ ಹೊಳೆ ಬೇಸಿಗೆಯಲ್ಲಿ ಸಾಧುವಾಗಿರುತ್ತದೆ. ಮೇ ಹೊತ್ತಿಗೆ ನೀರು ತೀರ ತಗ್ಗಬಹುದು, ಆದ್ದರಿಂದ ಮಾರ್ಚ್ ಕೊನೆ ಅಥವಾ ಏಪ್ರಿಲ್ ಮೊದಲ ಭಾಗ ಒಳ್ಳೆಯದು. ಎಲ್ಲಿ ಗುಂಡಿ, ಎಲ್ಲಿ ಆಳ ಎಂದು ಆ ಊರಿನವರನ್ನೇ ಕೇಳಿ ಇಳಿಯಿರಿ. ಘಟ್ಟದ ಮೇಲೆ ಗುಡುಗು, ಮೋಡ ಕಂಡರೆ ಹೊಳೆಯಿಂದ ಮೇಲೆ ಬಂದುಬಿಡಿ.

"ಹತ್ತಿರದಲ್ಲೇ ಯಾಣ ಉಂಟಲ್ಲ?" ಎನ್ನುತ್ತೀರಾ? 120 ಮೀಟರಿನ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ ನೋಡತಕ್ಕವೇ. ಆದರೆ ಅಲ್ಲಿ ದೇವಸ್ಥಾನವಿದೆ, ಜನಜಂಗುಳಿ ಇದೆ, ದಾರಿಯ ಎರಡೂ ಕಡೆ ಕಾಡಿದೆ. ಅದು ನಾಯಿ ಇಲ್ಲದ ಇನ್ನೊಂದು ದಿನಕ್ಕಿರಲಿ.

ಮೊದಲೇ ಒಂದು ಮಾತು ಕೇಳಿ

ಆ ಕಡೆ ಅಕ್ಕನ ಮನೆಯೋ ಪರಿಚಯದವರ ತೋಟವೋ ಇದ್ದರೆ ಮಧ್ಯಾಹ್ನದ ಚಿಂತೆ ತೀರಿತು. ಆದರೆ ಹೇಳದೆ ಕೇಳದೆ ನಾಯಿಯನ್ನು ಕರೆದೊಯ್ಯಬೇಡಿ. "ಅಕ್ಕ, ನಾಡಿದ್ದು ನಾಯೀನೂ ಕರ್ಕೊಂಡು ಬರ್ತೇವೆ, ಅಡ್ಡಿಲ್ವಲ್ಲ?" ಎಂದು ಫೋನಿನಲ್ಲಿ ಕೇಳಿಬಿಡಿ. "ಬಾರೆ, ಅದಕ್ಕೇನು! ಒಳಗೆ ಬಿಡೂದು ಮಾತ್ರ ಬ್ಯಾಡ ಮಾರಾಯ್ತಿ, ನಮ್ಮತ್ತೆಗೆ ಆಗೂದಿಲ್ಲ" ಎಂದರೆ ಬೇಸರ ಬೇಡ. ಹಿರಿಯರ ಮಡಿ ಅವರದು. ಕೊಟ್ಟಿಗೆಯ ಪಕ್ಕದ ನೆರಳೋ ತೋಟದ ಮರದ ಬುಡವೋ ಸಿಕ್ಕರೆ ನಾಯಿಗೆ ಅರಮನೆ. ಅವರ ಮನೆಯಲ್ಲಿ ನಾಯಿ ಇದೆಯೇ, ಕೋಳಿ ಬಿಟ್ಟಿರುತ್ತಾರೆಯೇ, ತೋಟದಲ್ಲಿ ಇಲಿ ಪಾಷಾಣ ಇಟ್ಟಿದ್ದಾರೆಯೇ, ಕಾಡುಹಂದಿಗೆಂದು ಆಸುಪಾಸಿನಲ್ಲಿ ಯಾರಾದರೂ ಉರುಳು, ಸಿಡಿಮದ್ದು ಇಡುವುದುಂಟೇ ಎಂಬುದನ್ನೂ ಕೇಳಿಕೊಳ್ಳಿ.

ಹುಚ್ಚುನಾಯಿ ರೋಗದ ಚುಚ್ಚುಮದ್ದು ಆಗಿಲ್ಲದಿದ್ದರೆ ಹೊರಡುವ ಒಂದು ತಿಂಗಳ ಮುಂಚೆಯೇ ಹಾಕಿಸಿ. ಹೊಸ ಊರಿನಲ್ಲಿ ನಾಯಿ ನಾಯಿ ಕಚ್ಚಾಡಿದರೆ ಆಮೇಲೆ ಪರದಾಡುವುದು ಬೇಡ.

ಬುಟ್ಟಿಯಲ್ಲಿ ಏನಿರಬೇಕು?

* ನೀರು. 15 ಕಿಲೋ ತೂಕದ ನಾಯಿಗೆ ಸಾಧಾರಣ ದಿನದಲ್ಲೇ ಒಂದು ಲೀಟರಿನ ಹತ್ತಿರ ಬೇಕು. ಬೇಸಿಗೆಯ ತಿರುಗಾಟಕ್ಕೆ ಎರಡು ಲೀಟರ್ ಬೇರೆಯಾಗಿಯೇ ಇಡಿ.
* ನೀರು ಕುಡಿಯಲು ಅಗಲ ಬಾಯಿಯ ಹಳೇ ಪಾತ್ರೆ, ಮಲಗಲು ಒಂದು ಗೋಣಿಚೀಲ.
* ಗಟ್ಟಿ ಪಟ್ಟಿ, ಸರಪಳಿ, ಜೊತೆಗೆ ನಾಲ್ಕೈದು ಮಾರು ಉದ್ದದ ಹಗ್ಗ.
* ಎರಡು ಹಳೇ ಟವೆಲ್, ಒಂದು ಸಣ್ಣ ಚಿಮಟ, ಸಾಬೂನು.
* ಹತ್ತಿರದ ಪಶು ಆಸ್ಪತ್ರೆಯ ನಂಬರು. ಪಶುವೈದ್ಯ ಸೇವೆಯ ಸಹಾಯವಾಣಿ 1962 ಕೂಡ ಬರೆದಿಟ್ಟುಕೊಳ್ಳಿ.

ನಾಯಿಯ ಬುತ್ತಿ: ಒಂದು ಲೋಟ ಕುಚ್ಚಲಕ್ಕಿಯನ್ನು ಮೆತ್ತಗೆ ಬೇಯಿಸಿ. ಅರ್ಧ ಲೋಟ ಸಿಹಿಗುಂಬಳದ ಹೋಳು ಬೇಯಿಸಿ ಹಿಸುಕಿ ಸೇರಿಸಿ. ಒಂದು ಬೇಯಿಸಿದ ಮೊಟ್ಟೆ ಕಿವುಚಿ ಹಾಕಿ. ಮೊಟ್ಟೆ ತಾರದ ಮನೆಯವರು ನಾಲ್ಕು ಚಮಚ ಮೊಸರು ಕಲೆಸಿದರಾಯಿತು. ಉಪ್ಪು, ಮೆಣಸು, ಒಗ್ಗರಣೆ ಏನೂ ಬೇಡ.

ಮನೆಯವರಿಗೆ ತೆಳ್ಳೇವು, ಮಾವಿನಕಾಯಿ ಚಿತ್ರಾನ್ನ, ಕುಡಿಯಲು ಮುರುಗಲು ಪಾನಕ. ಹತ್ತು ಮುರುಗಲು ಹಣ್ಣಿನ ಸಿಪ್ಪೆಯನ್ನು ನೀರಿನಲ್ಲಿ ಕಿವುಚಿ ಸೋಸಿ, ಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು ಹಾಕಿ ಬಾಟಲಿಗೆ ತುಂಬಿದರೆ ಆಯಿತು.

ಮಕ್ಕಳು ಪ್ರೀತಿಯಿಂದ ತಮ್ಮ ಪಾಲನ್ನು ನಾಯಿಗೂ ಕೊಡುತ್ತಾರೆ. ಮೊದಲೇ ಎಚ್ಚರಿಸಿ: ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಮೀನಿನ ಮುಳ್ಳು, ಬೇಯಿಸಿದ ಕೋಳಿ ಮೂಳೆ, ಮಾವಿನ ಗೊರಟು ಗಂಟಲಿಗೋ ಕರುಳಿಗೋ ಸಿಕ್ಕಿಕೊಳ್ಳುತ್ತವೆ.

ದಿನ ಹೇಗಿರಬೇಕು?

ಬೆಳಿಗ್ಗೆ 5: ನಾಯಿಗೆ ನೀರು, ಸ್ವಲ್ಪವೇ ಸ್ವಲ್ಪ ಅನ್ನ. ಹೊಟ್ಟೆ ತುಂಬಿಸಿ ಹತ್ತಿಸಿದರೆ ಘಟ್ಟದ ತಿರುವಿನ ಮುಂಚೆಯೇ ಸೀಟಿನ ಮೇಲೆ ವಾಂತಿ ಖಂಡಿತ.

6 ಗಂಟೆ: ಹೊರಡಿ. ಕಾರೋ ಆಟೋವೋ, ತಲೆ ಹೊರಗೆ ಹಾಕಲು ಬಿಡಬೇಡಿ. ದಾರಿಯಲ್ಲಿ ಚಾ ಕುಡಿಯಲು ಇಳಿದರೆ ಒಬ್ಬರು ನಾಯಿಯ ಜೊತೆಗಿರಿ. ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಶಾಖ ಹತ್ತೇ ನಿಮಿಷದಲ್ಲಿ ಹೊರಗಿಗಿಂತ ಹತ್ತು ಡಿಗ್ರಿಯಷ್ಟು ಏರುತ್ತದೆ. ಕಿಟಕಿ ಬೆರಳಷ್ಟು ಇಳಿಸಿಟ್ಟರೆ ಏನೂ ಪ್ರಯೋಜನವಿಲ್ಲ.

6.30ರಿಂದ 9.30: ಇದು ಆಟದ ಹೊತ್ತು. ಉದ್ದ ಹಗ್ಗ ಕಟ್ಟಿ ಹೊಳೆಗೆ ಬಿಡಿ. ತಾನಾಗಿ ಇಳಿದರೆ ಇಳಿಯಲಿ, ಎತ್ತಿ ನೀರಿಗೆ ಎಸೆಯುವ ತಮಾಷೆ ಬೇಡ. ಕಾಲು ಗಂಟೆಗೊಮ್ಮೆ ಕರೆದು ಕುಡಿಯುವ ನೀರು ತೋರಿಸಿ.

10ರಿಂದ 4: ನೆರಳು, ನೀರು, ನಿದ್ದೆ. ಚೀರೆಕಲ್ಲಿನ ಅಂಗಳದಲ್ಲಿ, ಡಾಂಬರು ರಸ್ತೆಯಲ್ಲಿ ನಡೆಸಲೇಬೇಡಿ. ನಿಮ್ಮ ಅಂಗೈಯ ಹಿಂಭಾಗವನ್ನು ನೆಲಕ್ಕೆ ಒತ್ತಿ ಏಳು ಎಣಿಸಿ. ನಿಮಗೆ ತಡೆಯಲಾಗದಿದ್ದರೆ ಅದರ ಅಂಗಾಲಿಗೂ ತಡೆಯದು. ನೆರಳು ಸರಿದಂತೆ ನಾಯಿಯನ್ನೂ ಸರಿಸಿ ಕಟ್ಟುವುದು ನೆನಪಿರಲಿ.

4.30: ತೋಟದಲ್ಲೊಂದು ಸುತ್ತು. ಕತ್ತಲಾಗುವ ಮುಂಚೆ ಗಾಡಿ ಹತ್ತಿ. ಕಾಡಂಚಿನ ಊರುಗಳಲ್ಲಿ ಚಿರತೆಗೆ ನಾಯಿಯೆಂದರೆ ಬಲು ಇಷ್ಟ.

ಉಣುಗನ್ನು ಹಗುರವಾಗಿ ಎಣಿಸಬೇಡಿ

ಬೇಸಿಗೆಯ ಕಾಡಿನಲ್ಲಿ ಉಣುಗು ಜಾಸ್ತಿ. ನಾಯಿಗೆ ಉಣುಗಿನಿಂದಲೇ ಜ್ವರ ಬಂದು, ಅನ್ನ ಬಿಟ್ಟು, ರಕ್ತ ಕಡಿಮೆಯಾಗಿ ಸಾಯುವುದುಂಟು. ಮನುಷ್ಯರಿಗೆ ಮಂಗನ ಕಾಯಿಲೆ ಹರಡುವುದೂ ಕಾಡಿನ ಉಣುಗಿನಿಂದಲೇ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಈ ರೋಗ ನಮ್ಮ ಜಿಲ್ಲೆಗೂ ಬಂದಿದೆ. 2024ರ ಆರಂಭದಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಅನೇಕರಿಗೆ ತಗಲಿತ್ತು. ನಾಯಿ ಕಾಡಿನ ಪೊದೆ ನುಗ್ಗಿ ಬಂದರೆ ಮೈಮೇಲೆ ಉಣುಗನ್ನು ಹೊತ್ತು ನಿಮ್ಮ ಮನೆಗೇ ತರಬಹುದು.

ಆದ್ದರಿಂದ ತೋಟ, ಹೊಳೆ ಸಾಕು. ಬೆಟ್ಟದ ತರಗೆಲೆಯ ಮೇಲೆ ಓಡಾಟ ಬೇಡ. ಮಂಗ ಸತ್ತ ಸುದ್ದಿ ಇದ್ದ ಕಡೆಗೆ ಹೋಗಲೇಬೇಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಹೊರಡುವ ಮುಂಚೆ ಪಶುವೈದ್ಯರನ್ನು ಕೇಳಿ ನಾಯಿಗೆ ಉಣುಗಿನ ಔಷಧ ಹಾಕಿಸಿ. ಮನುಷ್ಯರಿಗೆಂದು ಕೊಡುವ ತೈಲವನ್ನು ಅದಕ್ಕೆ ಹಚ್ಚಬೇಡಿ, ಅದು ಮೈ ನೆಕ್ಕುತ್ತದೆ.

ಗಾಡಿ ಹತ್ತಿಸುವ ಮುಂಚೆ ಕಿವಿಯ ಒಳಗೆ, ಕತ್ತಿನ ಪಟ್ಟಿಯ ಕೆಳಗೆ, ಕಂಕುಳು, ಬೆರಳ ಸಂದಿ ನೋಡಿ. ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಲ್ಲಿ ಕುಕ್ಕುವುದು, ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಹಚ್ಚುವುದು ಬೇಡ. ಕಿತ್ತದ್ದನ್ನು ಸಾಬೂನು ನೀರಿಗೆ ಹಾಕಿ, ಕೈ ತೊಳೆಯಿರಿ. ಮಕ್ಕಳ ಮೈಯನ್ನೂ ನೋಡಿ, ಬಿಸಿನೀರು ಸ್ನಾನ ಮಾಡಿಸಿ. ಆಮೇಲಿನ ಹತ್ತು ಹದಿನೈದು ದಿನದಲ್ಲಿ ಮನೆಯ ಯಾರಿಗಾದರೂ ಒಮ್ಮೆಲೇ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿನ ಕಡೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ.

ಬಿಸಿಲು ಹೊಡೆದರೆ

ಏದುಸಿರು ನಿಲ್ಲುತ್ತಿಲ್ಲ, ಜೊಲ್ಲು ದಪ್ಪವಾಗಿ ಸುರಿಯುತ್ತಿದೆ, ವಸಡು ಕೆಂಪಗಾಗಿದೆ, ನಡೆದರೆ ತೂರಾಡುತ್ತದೆ ಎಂದಾದರೆ ಬಿಸಿಲು ಹೊಡೆದಿದೆ ಎಂದೇ ತಿಳಿಯಿರಿ. ನಾಯಿಯ ಸಹಜ ಕಾವು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 105 ದಾಟಿದರೆ ಜೀವಕ್ಕೆ ಅಪಾಯ. ಕೂಡಲೇ ನೆರಳಿಗೆ ತನ್ನಿ. ಬಾವಿಯ ನೀರನ್ನು ಮೈತುಂಬ ಸುರಿಯಿರಿ, ಬೀಸಣಿಗೆಯಿಂದ ಗಾಳಿ ಹಾಕುತ್ತಲೇ ಇರಿ. ಒದ್ದೆ ಬಟ್ಟೆ ಸುತ್ತಿ ಬಿಗಿದರೆ ಕಾವು ಒಳಗೇ ಉಳಿಯುತ್ತದೆ, ಹಾಗೆ ಮಾಡಬೇಡಿ. ಬಾಯಿ ಬಿಡಿಸಿ ನೀರು ಹೊಯ್ಯಬೇಡಿ. ಸ್ವಲ್ಪ ಚೇತರಿಸಿಕೊಂಡಂತೆ ಕಂಡರೂ ಪಶುವೈದ್ಯರ ಹತ್ತಿರ ಕರೆದೊಯ್ಯಿರಿ.

ನಿಮಗೂ ಒಂದು ಲಾಭ

ಇಷ್ಟೆಲ್ಲ ಓದಿ, "ಇದೂ ನನ್ನ ತಲೆಗೇ ಬಂತಲ್ಲ!" ಎಂದುಕೊಂಡಿರಾ? ಮನೆಯವರ ಪಿಕ್ನಿಕ್ಕಿನಲ್ಲಿ ಗೃಹಿಣಿಯ ಪಾಡು ಗೊತ್ತೇ ಇದೆ. ಒಂದು ಜಾಗ ನೋಡಿ ಇನ್ನೊಂದಕ್ಕೆ ಓಟ, ನಡುವೆ ಬಡಿಸುವುದು, ಪಾತ್ರೆ ಕಟ್ಟುವುದು, ಅಳುವ ಕೂಸನ್ನು ಎತ್ತಿಕೊಳ್ಳುವುದು. ಸಂಜೆ ಮನೆಗೆ ಬಂದಾಗ ಸೊಂಟ ನೆಟ್ಟಗಿರುವುದಿಲ್ಲ.

ನಾಯಿ ಜೊತೆಗಿದ್ದರೆ ಹಾಗೆ ಓಡುವಂತಿಲ್ಲ. ಹತ್ತರಿಂದ ನಾಲ್ಕರವರೆಗೆ ಅದು ಮಲಗಲೇಬೇಕು, ಅದರ ಜೊತೆ ಎಲ್ಲರೂ ಕೂರಲೇಬೇಕು. ಬುತ್ತಿ ಬಿಚ್ಚುವ ಕೆಲಸ ಮಕ್ಕಳಿಗೆ, ನಾಯಿಗೆ ನೀರಿಡುವ ಕೆಲಸ ಯಜಮಾನರಿಗೆ ಹಂಚಿಬಿಡಿ. ನೀವು ಅಕ್ಕನ ಜಗುಲಿಯ ಮೇಲೆ ಕಾಲು ಚಾಚಿ ಕೂತು, ಒಂದು ಲೋಟ ಮುರುಗಲು ಪಾನಕ ಹಿಡಿದು, ವರ್ಷದಿಂದ ಬಾಕಿ ಉಳಿದ ಮಾತೆಲ್ಲ ಆಡಿ ಮುಗಿಸಿ.