ಹಳೆಯ ಡೀಸೆಲ್ ಕಾರುಗಳಲ್ಲಿ ಇ.ಜಿ.ಆರ್. ಮುಚ್ಚಿಸುವುದು: ಲಾಭವೆಷ್ಟು, ನಷ್ಟವೆಷ್ಟು?

ಹಲವು ವರ್ಷ ದುಡಿದ ಡೀಸೆಲ್ ಟ್ಯಾಕ್ಸಿಯೊಂದು ಗ್ಯಾರೇಜಿಗೆ ಬಂದು ನಿಂತಾಗ ಸಾಮಾನ್ಯವಾಗಿ ಕೇಳಿಬರುವ ದೂರುಗಳು ಮೂರು: ಪಿಕಪ್ ಇಲ್ಲ, ಕಪ್ಪು ಹೊಗೆ ಹೆಚ್ಚಿದೆ, ಮೈಲೇಜ್ ಇಳಿದಿದೆ. ಇಂತಹ ಸಂದರ್ಭದಲ್ಲಿ ಕೆಲವು ಮೆಕ್ಯಾನಿಕ್‌ಗಳು ಸೂಚಿಸುವ ಸುಲಭ ಪರಿಹಾರವೆಂದರೆ ಇ.ಜಿ.ಆರ್. ವಾಲ್ವನ್ನು ಬ್ಲಾಂಕ್ ಮಾಡಿಸುವುದು. ವಾಲ್ವ್ ಕೂಡುವ ಜಾಗದಲ್ಲಿ ತೆಳುವಾದ ಉಕ್ಕಿನ ತಗಡೊಂದನ್ನು ಸೇರಿಸಿ ಬೋಲ್ಟ್ ಬಿಗಿದರೆ ಕೆಲಸ ಮುಗಿಯಿತು. ಖರ್ಚು ಅಲ್ಪ, ಫಲಿತಾಂಶ ಅಂದೇ ಗೋಚರ. ಆದ್ದರಿಂದಲೇ ಈ ಪದ್ಧತಿ ವಾಹನ ಮಾಲೀಕರಲ್ಲಿ ಜನಪ್ರಿಯವಾಗಿದೆ. ಆದರೆ ಈ ತಗಡು ನಿಜವಾಗಿ ಏನನ್ನು ಸರಿಪಡಿಸುತ್ತದೆ, ಏನನ್ನು ಮರೆಮಾಚುತ್ತದೆ ಎಂಬುದನ್ನು ಟ್ಯಾಕ್ಸಿ ನಿರ್ವಾಹಕರು, ಗ್ಯಾರೇಜ್ ಮಾಲೀಕರು ಹಾಗೂ ಹಳೆಯ ವಾಹನಗಳ ವರ್ತಕರು ಅರಿತಿರುವುದು ಅವಶ್ಯಕ.

ವ್ಯವಸ್ಥೆಯ ಉದ್ದೇಶ

ಇ.ಜಿ.ಆರ್. ಎಂದರೆ ಎಂಜಿನ್ ಹೊರಹಾಕುವ ಹೊಗೆಯ ಒಂದು ಭಾಗವನ್ನು ಮರಳಿ ಸಿಲಿಂಡರಿಗೆ ಕಳುಹಿಸುವ ವ್ಯವಸ್ಥೆ. ಗಾಳಿಯಲ್ಲಿರುವ ಸಾರಜನಕವು ಸಾಮಾನ್ಯ ಸ್ಥಿತಿಯಲ್ಲಿ ಆಮ್ಲಜನಕದೊಡನೆ ಬೆರೆಯುವುದಿಲ್ಲ. ಆದರೆ ದಹನದ ಉಷ್ಣತೆ ಸುಮಾರು 1,500 ಡಿಗ್ರಿ ಸೆಲ್ಷಿಯಸ್ ಮೀರಿದಾಗ ಇವೆರಡೂ ವೇಗವಾಗಿ ಸಂಯೋಗಗೊಂಡು ನೈಟ್ರೋಜನ್ ಆಕ್ಸೈಡ್‌ಗಳಾಗುತ್ತವೆ. ಒಮ್ಮೆ ಉರಿದ ಹೊಗೆಯಲ್ಲಿ ಆಮ್ಲಜನಕ ಕಡಿಮೆ. ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಶಾಖವನ್ನು ಹೀರಿಕೊಳ್ಳುತ್ತವೆ. ಅದನ್ನು ಹೊಸ ಗಾಳಿಯೊಡನೆ ಬೆರೆಸಿದಾಗ ಜ್ವಾಲೆಯ ಉಷ್ಣತೆ ಇಳಿದು ಈ ಆಕ್ಸೈಡ್‌ಗಳ ಉತ್ಪತ್ತಿ ಗಣನೀಯವಾಗಿ ತಗ್ಗುತ್ತದೆ.

ಅಮೆರಿಕದ ಕಾರುಗಳಲ್ಲಿ ಈ ವ್ಯವಸ್ಥೆ 1970ರ ದಶಕದ ಆರಂಭದಲ್ಲಿಯೇ ಬಂದಿತು. ಭಾರತದಲ್ಲಿ ಡೀಸೆಲ್ ಕಾರುಗಳಿಗೆ ಇದನ್ನು ಅನಿವಾರ್ಯಗೊಳಿಸಿದ್ದು ಭಾರತ್ ಸ್ಟೇಜ್ ನಿಯಮಗಳ ಬಿಗಿಪಟ್ಟು. ಭಾರತ್ ಸ್ಟೇಜ್-3 ನಿಯಮವು 2005ರ ಏಪ್ರಿಲ್‌ನಲ್ಲಿ ಬೆಂಗಳೂರು ಸೇರಿದಂತೆ ಪ್ರಮುಖ ನಗರಗಳಿಗೆ ಅನ್ವಯವಾಯಿತು. 2010ರಲ್ಲಿ ದೇಶದ ಉಳಿದ ಭಾಗಕ್ಕೆ ವಿಸ್ತರಿಸಿತು. ಸ್ಟೇಜ್-4 ನಿಯಮವು 2010ರಲ್ಲಿ ಪ್ರಮುಖ ನಗರಗಳಲ್ಲಿಯೂ 2017ರಲ್ಲಿ ದೇಶದಾದ್ಯಂತವೂ ಜಾರಿಯಾಯಿತು. ಡೀಸೆಲ್ ಕಾರೊಂದು ಪ್ರತಿ ಕಿ.ಮೀ.ಗೆ ಹೊರಬಿಡಬಹುದಾದ ನೈಟ್ರೋಜನ್ ಆಕ್ಸೈಡ್‌ನ ಮಿತಿ ಸ್ಟೇಜ್-3ರಲ್ಲಿ 0.50 ಗ್ರಾಂ, ಸ್ಟೇಜ್-4ರಲ್ಲಿ 0.25 ಗ್ರಾಂ, 2020ರ ಸ್ಟೇಜ್-6ರಲ್ಲಿ ಕೇವಲ 0.08 ಗ್ರಾಂ. ಮಾರುತಿ, ಟಾಟಾ, ಫಿಯೆಟ್ ಸಂಸ್ಥೆಗಳ ಹಲವು ಮಾದರಿಗಳಲ್ಲಿ ಬಳಕೆಯಾದ 1.3 ಲೀಟರಿನ ಮಲ್ಟಿಜೆಟ್ ಎಂಜಿನ್ ಈ ಮಧ್ಯದ ಅವಧಿಗೆ ಸೇರಿದ್ದು. 2020ರಲ್ಲಿ ಅದರ ಕಾಲ ಮುಗಿಯಿತಾದರೂ ಅಂತಹ ಕಾರುಗಳು ಇಂದಿಗೂ ರಸ್ತೆಯ ಮೇಲಿವೆ.

ಮಸಿ ಕಟ್ಟುವುದೇಕೆ?

ಮರಳಿ ಬರುವ ಹೊಗೆಯಲ್ಲಿ ಮಸಿಯ ಕಣಗಳಿರುತ್ತವೆ. ಎಂಜಿನ್ನಿನ ಕ್ರ್ಯಾಂಕ್‌ಕೇಸಿನಿಂದ ಬರುವ ಎಣ್ಣೆಯ ಆವಿಯೂ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಸೇರುತ್ತದೆ. ಇವೆರಡೂ ಕಲೆತು ಡಾಂಬರಿನಂತಹ ಅಂಟು ಪದಾರ್ಥವಾಗಿ ವಾಲ್ವಿನಲ್ಲಿಯೂ ಮ್ಯಾನಿಫೋಲ್ಡಿನ ಗೋಡೆಗಳ ಮೇಲೂ ಪದರಗಟ್ಟುತ್ತದೆ. ನಗರದ ದಟ್ಟಣೆಯಲ್ಲಿ ನಿಧಾನವಾಗಿ ಓಡುವ, ದೀರ್ಘಕಾಲ ಐಡಲಿಂಗ್‌ನಲ್ಲಿ ನಿಲ್ಲುವ ವಾಹನಗಳಲ್ಲಿ ಇದು ಹೆಚ್ಚು. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ, ಇಂಜೆಕ್ಟರ್ ಸವೆದಿದ್ದರೆ ಅಥವಾ ಟರ್ಬೋದಿಂದ ಎಣ್ಣೆ ಸೋರುತ್ತಿದ್ದರೆ ಮಸಿ ಇನ್ನೂ ಬೇಗ ಕಟ್ಟುತ್ತದೆ. ಕಡೆಗೆ ವಾಲ್ವ್ ಪೂರ್ಣ ಮುಚ್ಚಿಕೊಳ್ಳಲಾರದೆ ಅರೆತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಪಿಕಪ್ ಹೆಚ್ಚಿದಂತೆ ತೋರುವುದೇಕೆ?

ಈ ವಿಷಯದಲ್ಲಿ ಅತ್ಯಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಸುಸ್ಥಿತಿಯಲ್ಲಿರುವ ಇ.ಜಿ.ಆರ್. ವಾಲ್ವ್ ತೆರೆದುಕೊಳ್ಳುವುದು ಎಂಜಿನ್ ಮೇಲೆ ಹೊರೆ ಕಡಿಮೆ ಅಥವಾ ಮಧ್ಯಮ ಪ್ರಮಾಣದಲ್ಲಿ ಇದ್ದಾಗ. ಚಾಲಕನು ಆಕ್ಸಿಲರೇಟರನ್ನು ಪೂರ್ಣವಾಗಿ ಒತ್ತಿದಾಗ ಅದು ಮುಚ್ಚಿಕೊಂಡು ಎಂಜಿನ್ನಿಗೆ ತಾಜಾ ಗಾಳಿಯನ್ನೇ ಬಿಡುತ್ತದೆ. ಹೀಗಾಗಿ ಎಂಜಿನ್ನಿನ ಗರಿಷ್ಠ ಶಕ್ತಿಗೂ ಸುಸ್ಥಿತಿಯ ವಾಲ್ವಿಗೂ ವಿರೋಧವಿಲ್ಲ.

ಬ್ಲಾಂಕ್ ಮಾಡಿಸಿದ ಮರುದಿನ ಪಿಕಪ್ ಹೆಚ್ಚಿದಂತೆ ಅನುಭವವಾಗುವುದು ಸುಳ್ಳಲ್ಲ. ಆದರೆ ಅಲ್ಲಿ ಹೋಲಿಕೆಯಾಗುತ್ತಿರುವುದು ಕೆಟ್ಟು ಸಿಕ್ಕಿಕೊಂಡಿದ್ದ ವಾಲ್ವಿನೊಡನೆ. ಅದೇ ವಾಲ್ವನ್ನು ಬಿಚ್ಚಿ ಶುಚಿಗೊಳಿಸಿದ್ದರೂ ಬಹುತೇಕ ಅದೇ ಸುಧಾರಣೆ ದೊರೆಯುತ್ತಿತ್ತು. ಮುಚ್ಚಿದ ಬಳಿಕ ದಹನ ಹೆಚ್ಚು ತೀವ್ರವಾಗಿ, ಕೆಲವು ಎಂಜಿನ್‌ಗಳಲ್ಲಿ ಕಟಕಟ ಶಬ್ದ ಹೆಚ್ಚುತ್ತದೆ. ವಿದ್ಯುನ್ಮಾನ ನಿಯಂತ್ರಣವಿರುವ ಕಾರುಗಳಲ್ಲಿ ಹೊಗೆಯ ಹರಿವು ಸಾಲದೆಂಬ ದೋಷಸಂಕೇತ ದಾಖಲಾಗಿ ಎಚ್ಚರಿಕೆಯ ದೀಪ ಹೊತ್ತಿಕೊಳ್ಳಬಹುದು. ಅದನ್ನು ಆರಿಸಲು ಸಾಫ್ಟ್‌ವೇರನ್ನೇ ತಿದ್ದಿಸುವವರೂ ಇದ್ದಾರೆ. ಹಾಗೆ ತಿದ್ದಿದ ಬಳಿಕ ಆ ಭಾಗದ ನಿಜವಾದ ದೋಷಗಳೂ ಮುಂದೆ ಮೆಕ್ಯಾನಿಕ್‌ನ ಕಣ್ಣಿಗೆ ಬೀಳುವುದಿಲ್ಲ.

ತಪಾಸಣೆಗೆ ಕಾಣದ ದೋಷ

ಇ.ಜಿ.ಆರ್. ಮುಚ್ಚಿದ ವಾಹನ ಎಮಿಷನ್ ಟೆಸ್ಟ್‌ನಲ್ಲಿ ಉತ್ತೀರ್ಣವಾಗುವುದು ಹೇಗೆ ಎಂಬ ಪ್ರಶ್ನೆ ಸಹಜ. ಡೀಸೆಲ್ ವಾಹನಗಳ ತಪಾಸಣೆಯಲ್ಲಿ, ನಿಂತಲ್ಲಿಯೇ ಆಕ್ಸಿಲರೇಟರ್ ಒತ್ತಿ ಹೊಗೆ ಎಷ್ಟು ಕಪ್ಪಾಗಿದೆ ಎಂಬುದನ್ನು ಅಳೆಯಲಾಗುತ್ತದೆ. ಸ್ಟೇಜ್-4ಕ್ಕಿಂತ ಹಿಂದಿನ ವಾಹನಗಳಿಗೆ 65, ಸ್ಟೇಜ್-4 ವಾಹನಗಳಿಗೆ 50 ಹಾರ್ಟ್‌ರಿಜ್ ಅಂಶಗಳ ಮಿತಿ ನಿಗದಿಯಾಗಿದೆ. ನೈಟ್ರೋಜನ್ ಆಕ್ಸೈಡನ್ನು ಈ ಪರೀಕ್ಷೆಯಲ್ಲಿ ಅಳೆಯುವುದಿಲ್ಲ. ವಾಲ್ವ್ ಮುಚ್ಚಿದಾಗ ಸಿಲಿಂಡರಿಗೆ ಆಮ್ಲಜನಕ ಹೆಚ್ಚು ದೊರೆತು ಮಸಿ ಕಡಿಮೆಯಾಗುವುದರಿಂದ ಫಲಿತಾಂಶ ಇನ್ನೂ ಉತ್ತಮವಾಗಿ ಬರಬಹುದು. ಪ್ರಮಾಣಪತ್ರ ಕೈಗೆ ಸಿಗುತ್ತದೆ. ಕಣ್ಣಿಗೆ ಕಾಣದ ಅನಿಲ ಮಾತ್ರ ಹೆಚ್ಚುತ್ತದೆ.

ಈ ಅನಿಲಗಳಲ್ಲಿ ಮುಖ್ಯವಾದ ನೈಟ್ರೋಜನ್ ಡೈಆಕ್ಸೈಡ್ ಶ್ವಾಸನಾಳವನ್ನು ಕೆರಳಿಸಿ ಅಸ್ತಮಾ ರೋಗಿಗಳಿಗೆ ತೀವ್ರ ತೊಂದರೆ ಉಂಟುಮಾಡುತ್ತದೆ. ಬಿಸಿಲಿನಲ್ಲಿ ಇತರ ಅನಿಲಗಳೊಡನೆ ವರ್ತಿಸಿ ಓಜೋನ್ ಉತ್ಪತ್ತಿಗೂ ಕಾರಣವಾಗುತ್ತದೆ. ಗಾಳಿಯಲ್ಲಿ ಇದರ ವಾರ್ಷಿಕ ಸರಾಸರಿ ಘನ ಮೀಟರಿಗೆ 40 ಮೈಕ್ರೋಗ್ರಾಂ ಮೀರಬಾರದೆಂದು ಭಾರತದ 2009ರ ಮಾನದಂಡ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಟ್ಟ 10 ಮೈಕ್ರೋಗ್ರಾಂ. ಇದರ ಪರಿಣಾಮವನ್ನು ಮೊದಲು ಅನುಭವಿಸುವವರು ದಿನವಿಡೀ ರಸ್ತೆಯಲ್ಲಿರುವ ಚಾಲಕರು, ಸಂಚಾರಿ ಪೊಲೀಸರು ಮತ್ತು ರಸ್ತೆಬದಿಯ ಅಂಗಡಿಕಾರರು.

ಪರೀಕ್ಷೆಗೂ ರಸ್ತೆಗೂ ನಡುವಿನ ಇದೇ ಅಂತರವನ್ನು ದೊಡ್ಡ ಪ್ರಮಾಣದಲ್ಲಿ ಬಳಸಿಕೊಂಡದ್ದು ಫೋಕ್ಸ್‌ವ್ಯಾಗನ್ ಪ್ರಕರಣ. ಪ್ರಯೋಗಾಲಯದಲ್ಲಿ ಪೂರ್ಣವಾಗಿ ಕೆಲಸ ಮಾಡುತ್ತಿದ್ದ ಹೊಗೆ ನಿಯಂತ್ರಣವನ್ನು ರಸ್ತೆಯಲ್ಲಿ ಕುಗ್ಗಿಸುವ ಸಾಫ್ಟ್‌ವೇರ್ 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಬೆಳಕಿಗೆ ಬಂದಿತು. ಭಾರತದಲ್ಲಿ ಸುಮಾರು 3.23 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸುವುದಾಗಿ ಸಂಸ್ಥೆ ಅದೇ ವರ್ಷ ಪ್ರಕಟಿಸಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 500 ಕೋಟಿ ರೂ. ದಂಡ ವಿಧಿಸಿತು, ಸಂಸ್ಥೆಯ ವಿರುದ್ಧ ಬಲವಂತದ ಕ್ರಮಕ್ಕೆ ಸರ್ವೋಚ್ಚ ನ್ಯಾಯಾಲಯ ಅದೇ ವರ್ಷ ತಡೆ ನೀಡಿತು.

ಕಾನೂನಿನ ನಿಲುವು

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ವಾಹನದ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯು 182ಎ ಕಲಮನ್ನು ಸೇರಿಸಿ, ಅನುಮತಿಯಿಲ್ಲದ ಮಾರ್ಪಾಡು ಮಾಡಿಸುವ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿತು. ವಾಯುಮಾಲಿನ್ಯ ನಿಯಮಗಳ ಉಲ್ಲಂಘನೆಗೆ 190(2)ನೇ ಕಲಮಿನಡಿ ಮೊದಲ ಸಲಕ್ಕೆ 10,000 ರೂ.ವರೆಗೆ ದಂಡವನ್ನೂ ಮೂರು ತಿಂಗಳವರೆಗೆ ಸೆರೆವಾಸವನ್ನೂ ಸೂಚಿಸಿತು. ತಪಾಸಣೆಯಲ್ಲಿ ಸಿಕ್ಕಿಬೀಳಲಿಲ್ಲ ಎಂಬ ಮಾತ್ರಕ್ಕೆ ಮಾರ್ಪಾಡು ಸಕ್ರಮವಾಗುವುದಿಲ್ಲ. ಹಳೆಯ ಕಾರನ್ನು ಕೊಳ್ಳುವವರು ಹಾಗೂ ಮಾರುವವರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು.

ಸರಿಯಾದ ಮಾರ್ಗ

ಮೊದಲನೆಯದಾಗಿ, ಸ್ಕ್ಯಾನರ್ ಜೋಡಿಸಿ ವಾಲ್ವ್ ತೆರೆದು ಮುಚ್ಚುತ್ತಿದೆಯೇ ಎಂಬುದನ್ನು ಪರೀಕ್ಷಿಸಬೇಕು. ವ್ಯಾಕ್ಯೂಮ್‌ನಿಂದ ನಡೆಯುವ ಹಳೆಯ ವಾಲ್ವ್ ಆಗಿದ್ದಲ್ಲಿ ರಬ್ಬರ್ ಹೋಸ್ ಬಿರುಕು ಬಿಟ್ಟಿದೆಯೇ ನೋಡಬೇಕು.

ಎರಡನೆಯದಾಗಿ, ಎಂಜಿನ್ ತಣ್ಣಗಾದ ಬಳಿಕ ವಾಲ್ವನ್ನು ಬಿಚ್ಚಿ ಕಾರ್ಬನ್ ಕ್ಲೀನರ್ ಹಾಗೂ ಮೃದುವಾದ ಬ್ರಷ್‌ನಿಂದ ಶುಚಿಗೊಳಿಸಬೇಕು. ವಿದ್ಯುತ್ ಮೋಟಾರಿರುವ ಭಾಗವನ್ನು ದ್ರವದಲ್ಲಿ ಮುಳುಗಿಸಬಾರದು. ಮ್ಯಾನಿಫೋಲ್ಡನ್ನೂ ಶುಚಿ ಮಾಡಿ, ಮರಳಿ ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಬಳಸಬೇಕು.

ಮೂರನೆಯದಾಗಿ, ಮಸಿಯ ಮೂಲವನ್ನು ಹುಡುಕಬೇಕು. ಏರ್ ಫಿಲ್ಟರ್, ಇಂಜೆಕ್ಟರ್ ಹಾಗೂ ಟರ್ಬೋ ಪರೀಕ್ಷಿಸದೆ ವಾಲ್ವನ್ನಷ್ಟೇ ತೊಳೆದರೆ ಕೆಲವೇ ತಿಂಗಳಲ್ಲಿ ಅದೇ ದೂರು ಮರಳುತ್ತದೆ. ಕೂಲೆಂಟ್ ಪದೇ ಪದೇ ಇಳಿಯುತ್ತಿದ್ದರೆ ಇ.ಜಿ.ಆರ್. ಕೂಲರ್ ಸೋರಿಕೆಯನ್ನೂ ಶಂಕಿಸಬೇಕು.

ಶುಚಿಗೊಳಿಸಿದರೂ ಸರಿಹೋಗದ ವಾಲ್ವನ್ನು ಬದಲಾಯಿಸುವುದೇ ಲೇಸು. ಹಲವು ವಾಹನಗಳನ್ನು ಹೊಂದಿರುವ ಸಂಸ್ಥೆಗಳು ಇ.ಜಿ.ಆರ್. ಶುಚಿ ಕಾರ್ಯವನ್ನು ನಿಯತ ಸರ್ವೀಸ್ ಪಟ್ಟಿಗೆ ಸೇರಿಸಿಕೊಳ್ಳುವುದು ಸೂಕ್ತ. ತಗಡು ಹಾಕಿಸಿ ಉಳಿಸಿದ ಹಣ ಮಾಲೀಕನ ಲೆಕ್ಕದಲ್ಲಿ ಲಾಭವಾಗಿ ತೋರಿದರೂ, ಅದರ ಹೊರೆ ವಾಹನದ ಹಿಂದೆ ಉಸಿರಾಡುವವರ ಮೇಲೆ ಬೀಳುತ್ತದೆ. ವಾಲ್ವನ್ನು ದುರಸ್ತಿ ಮಾಡಿಸಿದರೆ ಪಿಕಪ್ ಮರಳುತ್ತದೆ, ವಾಹನ ಕಾನೂನಿನ ಮಿತಿಯಲ್ಲಿಯೂ ಉಳಿಯುತ್ತದೆ.