ಕಿವಿ ಮಿಷನ್ ಟ್ರಂಕು ಸೇರುವುದೇಕೆ?

ರಾಮನಗರ ತಾಲ್ಲೂಕಿನ ಕೂಟಗಲ್ ಹೋಬಳಿಯಲ್ಲಿ ರೇಷ್ಮೆ ಸಾಕುವ ಮನೆಗಳಿಗೆ ತೇವದ ಬೆಲೆ ಚೆನ್ನಾಗಿ ಗೊತ್ತು. ಚಾಕಿ ಹುಳುವಿಗೆ ಶೇಕಡ 85ರಿಂದ 90ರಷ್ಟು ತೇವಾಂಶ ಬೇಕು. ಹುಳು ದೊಡ್ಡದಾದಂತೆ ಅದನ್ನು 70ರ ಆಸುಪಾಸಿಗೆ ಇಳಿಸಬೇಕು. ಗಾಳಿ ಒಣಗಿದರೆ ಸೊಪ್ಪು ಬಾಡುತ್ತದೆ, ಹುಳು ಮೇಯುವುದಿಲ್ಲ. ಬೇಸಿಗೆಯಲ್ಲಿ ಒದ್ದೆ ಗೋಣಿತಾಟು ಕಟ್ಟುವುದು ಇದಕ್ಕೇ. ಹುಳು ಜ್ವರಕ್ಕೆ ಕೂತಾಗ ಮಾತ್ರ ಹಾಸಿಗೆ ಒಣಗಲೆಂದು ಸುಣ್ಣದ ಪುಡಿ ಉದುರಿಸುತ್ತಾರೆ. ಹುಳುವಿಗೆ ಹಿತವಾದ ಈ ತೇವ ಮತ್ತು ಈ ಪುಡಿ, ಅದೇ ಮನೆಯ ಹಿರಿಯರ ಕಿವಿಯ ಹಿಂದೆ ಕೂತಿರುವ ಶ್ರವಣ ಸಾಧನಕ್ಕೆ ಮಾತ್ರ ಶತ್ರುಗಳು.

ಹಳ್ಳಿಯ ಮಾತಿನಲ್ಲಿ ಅದು ‘ಕಿವಿ ಮಿಷನ್ನು’. ದುಡ್ಡು ಕೊಟ್ಟು ತಂದದ್ದಿರಬಹುದು, ಶಿಬಿರದಲ್ಲಿ ಉಚಿತವಾಗಿ ಸಿಕ್ಕಿದ್ದಿರಬಹುದು. ಮೊದಲ ವಾರ ಮನೆಯಲ್ಲಿ ಸಂಭ್ರಮ, ಮೊಮ್ಮಕ್ಕಳ ಮಾತೆಲ್ಲ ಅಜ್ಜನಿಗೆ ಕೇಳುತ್ತದೆ. ನಾಲ್ಕಾರು ತಿಂಗಳಲ್ಲಿ ಅದು ಕೀರಲು ಶುರುಮಾಡುತ್ತದೆ, ಇಲ್ಲವೇ ಮೂಕವಾಗುತ್ತದೆ. ‘ಕೆಟ್ಟುಹೋಯ್ತು’ ಎಂದು ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಹಾಕುತ್ತಾರೆ. ಅಜ್ಜ ಮತ್ತೆ ಜಗಲಿಯ ಮೂಲೆಗೆ. ಶ್ರವಣ ಸಾಧನದಿಂದ ಪ್ರಯೋಜನ ಪಡೆಯಬಹುದಾದ ನೂರು ಜನರಲ್ಲಿ ಬರೀ 17 ಮಂದಿ ಅದನ್ನು ಬಳಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2021ರ ವರದಿಯಲ್ಲಿ ಹೇಳಿತು. ಕೈಗೆ ಸಿಕ್ಕಿದ್ದೂ ಹೀಗೆ ಟ್ರಂಕು ಸೇರಿದರೆ ಹೇಗೆ?

ಎಷ್ಟೋ ಸಲ ಕೆಟ್ಟಿರುವುದು ಮಿಷನ್ ಅಲ್ಲ. ಧ್ವನಿಯ ದಾರಿಯಲ್ಲಿ ಗುಗ್ಗೆ ಸಿಕ್ಕಿಕೊಂಡಿರುತ್ತದೆ, ಅಷ್ಟೆ.

ಗುಗ್ಗೆಯೆಂದರೆ ಕೊಳೆಯೆಂದು ತಿಳಿಯುವವರೇ ಹೆಚ್ಚು. ಅದು ಕಿವಿಯ ಕಾವಲುಗಾರ. ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕಿವಿಯ ನಾಳದಲ್ಲಿ ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ ಗುಗ್ಗೆ ಹುಟ್ಟುತ್ತದೆ. ಧೂಳನ್ನು ಅಂಟಿಸಿಕೊಂಡು, ತನ್ನ ತುಸು ಹುಳಿಯಾದ ಗುಣದಿಂದ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಇನ್ನೊಂದು ಸೋಜಿಗವೆಂದರೆ ನಾಳದ ಚರ್ಮ ತಮಟೆಯ ಕಡೆಯಿಂದ ಹೊರಮುಖವಾಗಿ, ಹೆಚ್ಚುಕಡಿಮೆ ಉಗುರು ಬೆಳೆಯುವಷ್ಟು ನಿಧಾನವಾಗಿ, ಸದಾ ಸರಿಯುತ್ತಿರುತ್ತದೆ. ಊಟ ಮಾಡುವಾಗಿನ ದವಡೆಯ ಚಲನೆಯೂ ಇದಕ್ಕೆ ನೆರವಾಗುತ್ತದೆ. ಹೀಗೆ ಹಳೆಯ ಗುಗ್ಗೆ ತಾನಾಗಿ ಹೊರಬೀಳುತ್ತದೆ. ಬೆಂಕಿಕಡ್ಡಿ, ಹೇರ್‌ಪಿನ್ನು, ಹತ್ತಿ ಸುತ್ತಿದ ಕಡ್ಡಿ ಇವೆಲ್ಲ ಮಾಡುವುದು ಒಂದೇ ಕೆಲಸ: ಹೊರಗೆ ಬರುತ್ತಿದ್ದುದನ್ನು ಒಳಕ್ಕೆ ತಳ್ಳುವುದು.

ಮಿಷನ್ ಹಾಕಿಕೊಂಡವರಿಗೆ ತೊಂದರೆ ಇನ್ನೂ ಹೆಚ್ಚು. ಕಿವಿಯೊಳಗೆ ಕೂರುವ ಮೋಲ್ಡು, ಅಂದರೆ ಅಚ್ಚು, ಗುಗ್ಗೆ ಹೊರಬರುವ ದಾರಿಗೆ ಅಡ್ಡಲಾಗಿ ಬಿರಡೆಯಂತೆ ಕೂರುತ್ತದೆ. ಗುಗ್ಗೆ ಅಚ್ಚಿನ ತೂತಿಗೇ ಮೆತ್ತಿಕೊಳ್ಳುತ್ತದೆ. ಧ್ವನಿ ಒಳಹೋಗಲಾರದೆ ಹಿಂದಕ್ಕೆ ಮೈಕಿಗೆ ಬಂದರೆ ಕೀರಲು ಸದ್ದು ಹುಟ್ಟುತ್ತದೆ. ಅಚ್ಚು ಸಡಿಲವಾದರೂ, ಕಿವಿ ಗುಗ್ಗೆಯಿಂದ ತುಂಬಿದರೂ ಇದೇ ಕೀರಲು. ಹಾಗಾಗಿ ಕೀರಿದ ಕೂಡಲೇ ಮಿಷನ್ನನ್ನು ಬೈಯುವ ಬದಲು ಮೊದಲು ಕಿವಿಯನ್ನು ವೈದ್ಯರಿಗೆ ತೋರಿಸುವುದು ಮೇಲು.

ಆರೈಕೆ ಕಷ್ಟದ್ದಲ್ಲ. ಕಿವಿಯ ಹಿಂದೆ ಕೂರುವ ಮಾದರಿಯಾದರೆ ಅಚ್ಚನ್ನು ನಳಿಗೆಯ ಸಮೇತ ಮಿಷನ್ನಿನಿಂದ ಬಿಡಿಸಬೇಕು. ಉಗುರುಬೆಚ್ಚಗಿನ ನೀರು, ಚೂರು ಸೋಪು ಸಾಕು. ಸ್ಪಿರಿಟ್ ಬೇಡ. ನಳಿಗೆಯೊಳಗೆ ಒಂದು ಹನಿ ನಿಂತರೂ ಧ್ವನಿ ಕಟ್ಟಿಕೊಳ್ಳುವುದರಿಂದ ರಾತ್ರಿಯೇ ತೊಳೆದು, ಒದರಿ, ಬೆಳಗಿನವರೆಗೆ ಒಣಗಲು ಬಿಡುವುದು ಒಳ್ಳೆಯದು. ಮಿಷನ್ನಿಗೆ ಮಾತ್ರ ನೀರು ಸೋಕಬಾರದು. ಒಣ ಮೆದು ಬಟ್ಟೆಯಿಂದ ಒರೆಸಿದರಾಯಿತು. ತಲೆಗೆ ಎಣ್ಣೆ ಹಚ್ಚುವುದು, ಸ್ನಾನ, ಹುಳುಮನೆಯಲ್ಲಿ ಸುಣ್ಣ ಉದುರಿಸುವುದು, ಇಷ್ಟು ಕೆಲಸಗಳಿಗೆ ಮೊದಲು ಅದನ್ನು ತೆಗೆದಿಡಬೇಕು. ಜೇಬಿನಲ್ಲಿಡುವ ಹಳೆಯ ಮಾದರಿಗೆ ಬೆವರು ಮತ್ತು ನಶ್ಯದ ಪುಡಿಯ ಕಾಟ ಬೇರೆ.

ರಾತ್ರಿ ಮಿಷನ್ನನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು. ಶಾಲೆಯ ಪ್ರಯೋಗಾಲಯದಲ್ಲಿ ನೋಡಿದ್ದವರಿಗೆ ನೆನಪಿರಬಹುದು: ಒಣಗಿದ್ದಾಗ ನೀಲಿ, ನೀರು ಹೀರಿದ ಮೇಲೆ ಗುಲಾಬಿ. ನೀಲಿಯದರಲ್ಲಿ ಕೋಬಾಲ್ಟ್ ಲವಣ ಇರುವುದರಿಂದ ಅದು ಮಕ್ಕಳ ಕೈಗೆ ಸಿಗಬಾರದು, ಅಡುಗೆಯ ಬಾಣಲೆಯಲ್ಲಿ ಅದನ್ನು ಹುರಿಯಲೂಬಾರದು. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಸಿಗುವ ಪೊಟ್ಟಣವನ್ನು ನಂಬುವಂತಿಲ್ಲ. ಅದು ಆಗಲೇ ಹೊಟ್ಟೆತುಂಬ ನೀರು ಕುಡಿದಿರುತ್ತದೆ.

ಗುಂಡಿಯಂಥ ಸೆಲ್ಲನ್ನು ಮಾತ್ರ ಆ ಡಬ್ಬಿಯಿಂದ ಹೊರಗಿಡಬೇಕು. ಇದು ಸತು-ಗಾಳಿ ಸೆಲ್. ಅಂಟಿಸಿದ ಚೀಟಿ ಕಿತ್ತೊಡನೆ ಸಣ್ಣ ತೂತುಗಳಿಂದ ಗಾಳಿ ಒಳಹೋಗಿ, ಆಮ್ಲಜನಕ ಸತುವಿನೊಡನೆ ಬೆರೆತು ವಿದ್ಯುತ್ ಹುಟ್ಟುತ್ತದೆ. ಚೀಟಿ ಕಿತ್ತು ಒಂದೆರಡು ನಿಮಿಷ ಬಿಟ್ಟು ಹಾಕಿದರೆ ಒಳ್ಳೆಯದು. ನಾಲ್ಕು ಸೆಲ್ಲುಗಳ ಚೀಟಿಯನ್ನು ಒಟ್ಟಿಗೇ ಕಿತ್ತಿಟ್ಟರೆ ನಾಲ್ಕೂ ಅಂದಿನಿಂದಲೇ ಸವೆಯುತ್ತವೆ. ಮಗು ಸೆಲ್ ನುಂಗಿದರೆ ಮನೆಮದ್ದು ಬೇಡ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಕಿವಿಗೆ ಬಿಸಿ ಎಣ್ಣೆ ಬಿಡುವ ಪದ್ಧತಿ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯ ಮೇಲೆ ನಮ್ಮ ಜನಕ್ಕೆ ಅದೇನೋ ಅಪಾರ ವಿಶ್ವಾಸ. ತಮಟೆಯಲ್ಲಿ ತೂತಿದ್ದರೆ ಎಣ್ಣೆ ನೇರ ನಡುಗಿವಿಗೆ ಇಳಿದು ಸೋಂಕು ಹತ್ತುತ್ತದೆ. ತೂತಿದೆಯೋ ಇಲ್ಲವೋ ಹೊರಗಿನಿಂದ ಕಾಣದು. ತೇವ ನಿಂತ ಕಿವಿಯಲ್ಲಿ ಬೂಸ್ಟು ಬೆಳೆಯುವುದೂ ಉಂಟು, ತಡೆಯಲಾರದ ತುರಿಕೆ ಅದರ ಗುರುತು. ಕಿವಿ ಸೋರುತ್ತಿದ್ದರೆ ಅಚ್ಚನ್ನು ತೆಗೆದಿಟ್ಟು ವೈದ್ಯರನ್ನು ಕಾಣಬೇಕು. ಇದ್ದಕ್ಕಿದ್ದಂತೆ ಒಂದು ಕಿವಿ ಮಂದವಾದರೆ ‘ಗುಗ್ಗೆ ಇರಬೇಕು’ ಎಂದು ವಾರಗಟ್ಟಲೆ ಕಾಯುವಂತಿಲ್ಲ. ಒಳಗಿವಿಯ ತೊಂದರೆಯಾಗಿದ್ದರೆ ಚಿಕಿತ್ಸೆಗೆ ಮೊದಲ ಕೆಲವು ದಿನಗಳೇ ಮುಖ್ಯ.

ಅಚ್ಚು ಸಡಿಲವಾದರೆ ಹೊಸದು ಮಾಡಿಸಬೇಕು. ಪಕ್ಕದ ಮನೆಯವರದು ಹೊಂದುವುದಿಲ್ಲ. ಕಿವಿಯೊಳಗೆ ಮೆತ್ತನೆಯ ಹಿಟ್ಟಿನಂಥದನ್ನು ತುಂಬಿ, ಅದು ಗಟ್ಟಿಯಾದ ಮೇಲೆ ತೆಗೆದು, ಅದರಂತೆ ಅಚ್ಚು ತಯಾರಿಸುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕಿವಿಯ ಪರೀಕ್ಷೆಯೂ ಅಚ್ಚಿನ ಕೆಲಸವೂ ನಡೆಯುತ್ತದೆ. ರಾಮನಗರದಿಂದ ಒಂದೇ ರೈಲಿನ ದಾರಿ.

ಅಲ್ಲಿಗೆ ಹೊರಡುವ ಮೊದಲು ಟ್ರಂಕಿನ ಮಿಷನ್ನಿಗೆ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಅಚ್ಚನ್ನು ಬಿಡಿಸಿ, ಹೊಸ ಸೆಲ್ ಹಾಕಿ, ಚಾಲೂ ಮಾಡಿ ಅಂಗೈಯಲ್ಲಿ ಮುಚ್ಚಿ ಹಿಡಿಯಬೇಕು. ಅದು ಕೀರಿದರೆ ಸಾಮಾನ್ಯವಾಗಿ ಮಿಷನ್ನಿನಲ್ಲಿ ಜೀವ ಇದೆ ಎಂದೇ ಅರ್ಥ. ಹುಡುಕಬೇಕಾದ ದೋಷ ಅಚ್ಚಿನಲ್ಲೋ, ನಳಿಗೆಯಲ್ಲೋ, ಕಿವಿಯಲ್ಲೋ ಇದ್ದೀತು.