ಫೀಸಿನ ಬದಲು ವರ್ಷಗಳು

ಕಾಲೇಜು ಫೀಸು ಹೊಂದಿಸಲಾಗದ ಅಮೆರಿಕದ ಯುವಜನರಿಗೆ ಅಲ್ಲಿನ ಸೇನೆ ಮುಖ್ಯವಾಗಿ ಎರಡು ದಾರಿ ತೋರಿಸುತ್ತದೆ. ಓದುತ್ತಲೇ ಆರ್‌ಒಟಿಸಿ ತರಬೇತಿಗೆ ಸೇರಿ, ವಿದ್ಯಾರ್ಥಿವೇತನ ಪಡೆದು, ಪದವಿ ಮುಗಿದ ಮೇಲೆ ಅಧಿಕಾರಿಯಾಗಿ ಕೆಲವು ವರ್ಷ ಸೇವೆ ಸಲ್ಲಿಸುವುದು ಒಂದು. ಮೊದಲು ಸೇವೆ ಮುಗಿಸಿ, ಆಮೇಲೆ ಜಿಐ ಬಿಲ್ ಎಂಬ ಕಾನೂನಿನಡಿ ಸರ್ಕಾರದ ಖರ್ಚಿನಲ್ಲಿ ಓದುವುದು ಇನ್ನೊಂದು. 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಈ ಕಾನೂನಿನಿಂದ, ಎರಡನೇ ಮಹಾಯುದ್ಧದಿಂದ ಮರಳಿದ ಸುಮಾರು 22 ಲಕ್ಷ ಮಂದಿ ಕಾಲೇಜು ಮೆಟ್ಟಿಲು ಹತ್ತಿದರು.

ಇಲ್ಲಿ ಫೀಸಿನ ಬದಲು ಕೊಡುವುದು ಹರೆಯದ ವರ್ಷಗಳನ್ನು. ಅವುಗಳ ಬೆಲೆ ಎಷ್ಟೆಂದು ತಿಳಿಯಲು ಸೈನಿಕರ ಮತ್ತು ಉಳಿದವರ ಸಂಬಳವನ್ನು ಹೋಲಿಸಿದರೆ ಸಾಲದು. ಮನೆಯ ಬಡತನವೋ, ಊರಲ್ಲಿ ಕೆಲಸವಿಲ್ಲದ್ದೋ, ಅಪ್ಪನೂ ಸೈನಿಕನಾಗಿದ್ದದ್ದೋ ಒಬ್ಬನನ್ನು ಸೇನೆಗೆ ತಂದಿರುತ್ತದೆ. ಸಂಬಳದ ವ್ಯತ್ಯಾಸಕ್ಕೆ ಸೇನೆ ಕಾರಣವೋ ಆ ಹಿನ್ನೆಲೆ ಕಾರಣವೋ ಬಿಡಿಸಿ ಹೇಳಲಾಗದು.

ಬಿಡಿಸಿ ನೋಡುವ ಅವಕಾಶ ಸಿಕ್ಕಿದ್ದು ವಿಯೆಟ್ನಾಂ ಯುದ್ಧಕಾಲದಲ್ಲಿ ಸೇನೆಗೆ ಕಡ್ಡಾಯವಾಗಿ ಕರೆಯಲು ನಡೆಸಿದ ಲಾಟರಿಯಿಂದ. 1969ರ ಡಿಸೆಂಬರ್ 1ರಂದು ವಾಷಿಂಗ್ಟನ್‌ನಲ್ಲಿ 366 ನೀಲಿ ಪ್ಲಾಸ್ಟಿಕ್ ಕ್ಯಾಪ್ಸೂಲ್‌ಗಳಲ್ಲಿ ಒಂದೊಂದು ಜನ್ಮದಿನದ ಚೀಟಿ ಇಟ್ಟು, ಗಾಜಿನ ಜಾಡಿಯಿಂದ ಒಂದೊಂದಾಗಿ ಎತ್ತಿದರು. ಮೊದಲು ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದವರಿಗೆ ಮೊದಲ ಕರೆ. 195ನೇ ಸಂಖ್ಯೆಯವರೆಗೆ ಕರೆ ಹೋಯಿತು. ಕ್ಯಾಪ್ಸೂಲ್‌ಗಳನ್ನು ಸರಿಯಾಗಿ ಕಲಸಿರಲಿಲ್ಲ, ವರ್ಷದ ಕೊನೆಯ ತಿಂಗಳುಗಳ ದಿನಗಳು ಬೇಗ ಬಂದವು. ಮುಂದಿನ ವರ್ಷ ವಿಧಾನ ತಿದ್ದಿದರು. ಎಷ್ಟೇ ಕೊರತೆಯಿದ್ದರೂ, ಹುಟ್ಟಿದ ದಿನಕ್ಕೂ ಮನೆಯ ಸ್ಥಿತಿಗತಿಗೂ ಹೇಳಿಕೊಳ್ಳುವಂಥ ಸಂಬಂಧವಿಲ್ಲ. ಸಂಶೋಧಕರಿಗೆ ಬೇಕಾಗಿದ್ದದ್ದು ಅದೇ.

ಅರ್ಥಶಾಸ್ತ್ರಜ್ಞ ಜೋಶುವಾ ಆಂಗ್ರಿಸ್ಟ್ ಈ ಸಂಖ್ಯೆಗಳನ್ನು ಸರ್ಕಾರದ ಸಾಮಾಜಿಕ ಭದ್ರತಾ ಇಲಾಖೆಯ ಗಳಿಕೆ ದಾಖಲೆಗಳ ಜೊತೆ ಇಟ್ಟು ನೋಡಿದರು. ಚಿಕ್ಕ ಸಂಖ್ಯೆ ಬಂದವರೆಲ್ಲ ಸೇನೆಗೆ ಹೋಗಿರಲಿಲ್ಲ. ದೊಡ್ಡ ಸಂಖ್ಯೆ ಬಂದರೂ ಕೆಲವರು ತಾವಾಗಿಯೇ ಸೇರಿದ್ದರು. ಹಾಗಾಗಿ ಅವರು ಎರಡು ಗುಂಪುಗಳ ಸರಾಸರಿ ಗಳಿಕೆಯ ಅಂತರವನ್ನು, ಸೇವೆ ಮಾಡಿದವರ ಪ್ರಮಾಣದ ಅಂತರದಿಂದ ಭಾಗಿಸಿದರು. ಸೇವೆಯೊಂದರಿಂದಲೇ ಆದ ಪರಿಣಾಮ ಹೀಗೆ ಹೊರಬಂತು. 1990ರಲ್ಲಿ ಪ್ರಕಟವಾದ ಫಲಿತಾಂಶ ಕಠೋರವಾಗಿತ್ತು: 1980ರ ದಶಕದ ಆರಂಭದಲ್ಲಿ, ಸೇವೆ ಮುಗಿದು ಎಷ್ಟೋ ವರ್ಷವಾದ ಮೇಲೂ, ಬಿಳಿಯ ಮಾಜಿ ಸೈನಿಕರ ಗಳಿಕೆ ಸುಮಾರು ಶೇ 15ರಷ್ಟು ಕಡಿಮೆಯಿತ್ತು. ಸಮವಯಸ್ಕರು ನಾಗರಿಕ ಕೆಲಸದಲ್ಲಿ ಅನುಭವ ಗಳಿಸುತ್ತಿದ್ದ ಕಾಲವನ್ನು ಇವರು ಕಳೆದುಕೊಂಡಿದ್ದರು. ಈ ಬಗೆಯ ವಿಧಾನಗಳಿಗಾಗಿ ಆಂಗ್ರಿಸ್ಟ್ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಆಂಗ್ರಿಸ್ಟ್ ಮತ್ತು ಸ್ಟೇಸಿ ಚೆನ್ ಇದೇ ಪೀಳಿಗೆಯನ್ನು 2000ದ ಜನಗಣತಿಯಲ್ಲಿ ಮತ್ತೆ ಹುಡುಕಿದರು. ಅಷ್ಟು ಹೊತ್ತಿಗೆ ಅವರಿಗೆ ಐವತ್ತರ ಆಸುಪಾಸು. ಗಳಿಕೆಯ ಅಂತರ ಬಹುಪಾಲು ಅಳಿಸಿಹೋಗಿತ್ತು. ಮಾಜಿ ಸೈನಿಕರು ಹೆಚ್ಚು ಓದಿದ್ದರು, ಅದಕ್ಕೆ ಕಾರಣ ಜಿಐ ಬಿಲ್ ಎಂದು ಇಬ್ಬರೂ ವಾದಿಸಿದರು. ಆದರೆ ಆ ಓದು ತಂದ ಲಾಭ ಸಾಧಾರಣ. ನಡುವಯಸ್ಸಿನಲ್ಲಿ ಎಲ್ಲರ ಸಂಬಳವೂ ಏರುವುದು ನಿಧಾನವಾಗುವುದರಿಂದ ಹಿಂದೆ ಬಿದ್ದವರು ಸಮಕ್ಕೆ ಬಂದಿದ್ದರು.

‘ಉಚಿತ ಶಿಕ್ಷಣ’ ಎನ್ನುವವರು ಹೀಗೆ ಹಿಂದೆ ಬಿದ್ದ ವರ್ಷಗಳನ್ನೂ ಎಣಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಸಂಬಳದ ಲೆಕ್ಕಕ್ಕೆ ಸಿಗದವರೂ ಇದ್ದಾರೆ: ಆ ಯುದ್ಧದಲ್ಲಿ 58 ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು.

1973ರಲ್ಲಿ ಕಡ್ಡಾಯ ನೇಮಕಾತಿ ನಿಂತಿತು. ಈಗಿನವರು ತಾವಾಗಿ ಸೇರುವವರು, ಹಾಗಾಗಿ ಹಳೆಯ ಅಂಕಿಯನ್ನು ಅವರಿಗೆ ನೇರವಾಗಿ ಅನ್ವಯಿಸಲಾಗದು. 2008ರ ಹೊಸ ಜಿಐ ಬಿಲ್ ಕಾನೂನು 36 ತಿಂಗಳ ಓದಿನ ಖರ್ಚು ಕೊಡುತ್ತದೆ. ಅದನ್ನು ಮಕ್ಕಳಿಗೆ ವರ್ಗಾಯಿಸಲೂಬಹುದು, ಆದರೆ ಅದಕ್ಕೆ ಸಾಮಾನ್ಯವಾಗಿ ಆರು ವರ್ಷ ಸೇವೆ ಆಗಿರಬೇಕು, ಇನ್ನೂ ನಾಲ್ಕು ವರ್ಷಕ್ಕೆ ಒಪ್ಪಿಕೊಳ್ಳಬೇಕು.